ನಕ್ಷತ್ರಕ್ಕೆ ಗ್ರಹಣ ಹಿಡಿದ ಸಂಜೆ

ನನ್ನ ಯಜಮಾನರು ಹೋದ ಮೇಲೆ, ಕತ್ತಲಾದಾಗ ಅಂಗಳಕ್ಕಿಳಿದರೆ ಹೊಳೆನರಸೀಪುರದ ಒಂದು ಸಂಜೆ ನೆನಪಾಗುತ್ತದೆ.

ಅವರು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಆರು ತಿಂಗಳ ಬಸುರಿ. ಹಿಂದೆ ಅರಕಲಗೂಡಿನಲ್ಲಿದ್ದಾಗ ಮೊದಲ ಬಸಿರು ಉಳಿದಿರಲಿಲ್ಲ. ಅದಕ್ಕೇ ಅತ್ತೆ ತಮ್ಮೂರು ದುದ್ದದಿಂದ ಬಂದು ನಮ್ಮ ಜೊತೆಗಿದ್ದರು.

ಕೃತ್ತಿಕೆಯಿಂದ ಉತ್ತರಕ್ಕೆ ಒಂದು ನಕ್ಷತ್ರವಿದೆ. ಕಣ್ಣಿಗೆ ಒಂದು, ನಿಜದಲ್ಲಿ ಎರಡು. ಒಂದನ್ನೊಂದು ಸುತ್ತುವಾಗ ಮಂಕಾದದ್ದು ಹೊಳೆಯುವ ಇನ್ನೊಂದಕ್ಕೆ ಅಡ್ಡ ಬಂದು ಬೆಳಕು ಕುಗ್ಗುತ್ತದೆ. ಹಳೆಯ ಪುಸ್ತಕವೊಂದರ ಲೆಕ್ಕ ಹಿಡಿದು ಇವರು ಅದನ್ನು ಅಕ್ಕಪಕ್ಕದ ಚುಕ್ಕಿಗಳೊಂದಿಗೆ ಹೋಲಿಸಿ ನೋಡುತ್ತಿದ್ದರು. ಆ ದಿನ ಬೆಳಗ್ಗೆ, "ಮಧ್ಯಾಹ್ನದಿಂದ ಅದಕ್ಕೆ ಗ್ರಹಣ" ಎಂದುಬಿಟ್ಟರು.

"ಅಂಗಾದ್ರೆ ಬಸುರಿ ಒಳ್ಗಿರ್ಲಿ. ಬಿಡೋಗಂಟ ಏನೂ ತಿನ್ಬಾರ್ದು," ಎಂದರು ಅತ್ತೆ.

"ಅದು ಎಲ್ಲೋ ದೂರದಾಗೈತೆ ಕಣವ್ವ."

"ಸೂರ್ಯ ಏನು ಪಕ್ಕದ್ಮನೇಲವ್ನೇನ್ಲಾ?"

ಇವರು ನಕ್ಕರು. ಕತ್ತಲಾಗುವಷ್ಟರಲ್ಲಿ ಬಿಡುತ್ತದೆ, ಒಂದು ಹೊತ್ತು ತಡಕೋ ಎಂದು ನನಗೆ ಹೇಳಿದರು. ಅತ್ತೆ ಅಡುಗೆಯ ಮೇಲೆ ಗರಿಕೆ ಹಾಕಿ ಮುಚ್ಚಿಟ್ಟರು.

ದೀಪ ಹಚ್ಚಿದ ಮೇಲೆ ಇವರು ಅಂಗಳಕ್ಕೆ ಹೋದರು. ತುಸು ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಇನ್ನೂ ಕುಗ್ತಾನೇ ಐತೆ. ಲೆಕ್ಕ ತಪ್ಪೈತೆ," ಎಂದು ನನಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದರು. ಪುಸ್ತಕ ಬರೆದ ಕಾಲದಿಂದ ಈಚೆಗೆ ಅವು ಸುತ್ತುವ ಅವಧಿಯೇ ಬದಲಾಗಿರಬೇಕು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದರು.

ಹೊಟ್ಟೆಗಿಲ್ಲದೆ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಮಧ್ಯಾಹ್ನದಿಂದ ಮಗು ಮಿಸುಕಿರಲಿಲ್ಲ. ಹೇಳಲು ಹೆದರಿದ್ದೆ. ಆಗ ಹೇಳಿದೆ.

ಇವರು ಒಳಗೆ ಬಂದು ಬಾಗಿಲಲ್ಲೇ ನಿಂತರು. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಮನುಷ್ಯ.

"ಬಿಡ್ತು ಕಣವ್ವ," ಎಂದರು.

"ನೆಟ್ಟಗೆ ನೋಡ್ದೇನ್ಲಾ?"

"ನೋಡ್ದೆ. ಬಡ್ಸು."

"ಕಾಲಿಗೆ ನೀರಾಕ್ಕೊಂಡು ಬಾರವ್ವ," ಎಂದು ಅತ್ತೆ ನನ್ನನ್ನು ಎಬ್ಬಿಸಿದರು.

ಹಿತ್ತಲಲ್ಲಿ ಕಾಲು ತೊಳೆಯುತ್ತ ತಲೆಯೆತ್ತಿದೆ. ಪಕ್ಕದ ಸಣ್ಣ ಚುಕ್ಕಿಗಿಂತ ಆ ನಕ್ಷತ್ರ ಹೆಚ್ಚೇನೂ ಹೊಳೆಯುತ್ತಿರಲಿಲ್ಲ. ಸುಮ್ಮನೆ ಒಳಗೆ ಬಂದು ಮುದ್ದೆ ಮುರಿದೆ. ಇವರು ಮತ್ತೆ ಅಂಗಳಕ್ಕೆ ಹೋಗದೆ ನನ್ನ ಪಕ್ಕದಲ್ಲೇ ಕೂತರು.

ಮುದ್ದೆ ಮುಗಿಯುವ ಹೊತ್ತಿಗೆ ಮಗು ಒದೆಯಿತು. ಅತ್ತೆ ಒಲೆಯ ಕಡೆ ತಿರುಗಿದ್ದರು. ನಾನು ಇವರ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡೆ.

"ಇನ್ನೊಂದು ಮುದ್ದೆ ಇಕ್ಲಾ?" ಎಂದು ಅತ್ತೆ ತಿರುಗದೆಯೇ ಕೇಳಿದರು.

"ಇಕ್ಕವ್ವ," ಎಂದರು ಇವರು. ಕೈ ತೆಗೆಯಲಿಲ್ಲ.