ಮೂವತ್ತೊಂಬತ್ತನೆಯ ಕ್ಲಿಕ್

ಟಕ್ ಎಂದು ಶಟರ್, ಅದರ ಬೆನ್ನಿಗೇ ಕರ್ರ್ ಎಂದು ಲಿವರ್. ಟಕ್, ಕರ್ರ್. ಟಕ್, ಕರ್ರ್. ಎಂಬತ್ತರ ದಶಕದ ಆರಂಭದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಸದ್ದು ಇನ್ನೊಂದಿರಲಿಲ್ಲ. ಕುಕ್ಕರಿನ ಕೂಗು, ಎದುರುಮನೆಯ ರೇಡಿಯೋ, ಅತ್ತೆಯವರ ಕೆಮ್ಮು, ಇವೆಲ್ಲದರ ನಡುವೆ ಅದೊಂದೇ ನನ್ನದು ಎನಿಸುತ್ತಿತ್ತು. ಆ ಸದ್ದಿನ ಬಗ್ಗೆ ಒಂದು ವಿಷಯವನ್ನು ಮಾತ್ರ ತಡವಾಗಿ ಕಲಿತೆ. ಕ್ಯಾಮೆರಾದೊಳಗೆ ಫಿಲ್ಮು ಓಡುತ್ತಿದ್ದರೂ ಅದೇ ಸದ್ದು, ಓಡದೆ ಇದ್ದರೂ ಅದೇ ಸದ್ದು.

ಕ್ಯಾಮೆರಾವನ್ನು ಭಾವ ಸಿಂಗಪುರದಿಂದ ತಂದುಕೊಟ್ಟಿದ್ದರು. ಜಯನಗರದಲ್ಲಿ ಮನೆ, ಯಜಮಾನರಿಗೆ ಆಫೀಸರ್ ಕೆಲಸ, ಮಕ್ಕಳಿಬ್ಬರೂ ಸ್ಕೂಲಿಗೆ. ಮಧ್ಯಾಹ್ನಗಳು ಖಾಲಿ. ಲೈಬ್ರರಿಯಿಂದ ಇಂಗ್ಲಿಷ್ ಫೋಟೋಗ್ರಫಿ ಮ್ಯಾಗಝೀನುಗಳನ್ನು ತಂದು ಓದುತ್ತಿದ್ದೆ. ಫ್ಲ್ಯಾಶ್ ಇಲ್ಲದೆ, ಅಲ್ಲಿ ಇದ್ದ ಬೆಳಕಿನಲ್ಲೇ ತೆಗೆದ ಫ್ಯಾಷನ್ ಷೋ ಚಿತ್ರಗಳು ಅವುಗಳಲ್ಲಿ ಬರುತ್ತಿದ್ದವು. ಅರ್ಧ ಮುಖ ನೆರಳಿನಲ್ಲಿ, ಸೆರಗಿನ ಅಂಚು ಮಾತ್ರ ಹೊಳೆಯುವ ಹಾಗೆ. ಅವೈಲಬಲ್ ಲೈಟ್ ಎಂಬ ಮಾತು ನನಗೆ ಸಿಕ್ಕಿದ್ದು ಅಲ್ಲಿಂದ. ಕಾನ್ವೆಂಟಿನಲ್ಲಿ ಕಲಿತ ಆಕ್ಸೆಂಟಿನಲ್ಲಿ ಅದನ್ನು ಹೇಳುವುದೇ ಒಂದು ಸುಖ.

ಆದರೆ ಫಿಲ್ಮ್ ಹಾಕಲು ನನಗೆ ಬರುತ್ತಿರಲಿಲ್ಲ. ಬರುತ್ತದೆ ಎಂದುಕೊಂಡಿದ್ದೆ, ಅಷ್ಟೆ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಸಣ್ಣ ಸ್ಟುಡಿಯೋ ಇತ್ತು. ಅದರ ಮಾಲೀಕರು, ಐವತ್ತು ದಾಟಿದವರು, ಪ್ರತಿ ಸಲವೂ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಮಾತಾಡುತ್ತಲೇ ಫಿಲ್ಮ್ ಹಾಕಿ, ಎರಡು ಸಲ ಲಿವರ್ ಎಳೆದು, ಎಡಗಡೆಯ ಪುಟ್ಟ ತಿರುಗಣೆ ತಾನಾಗಿ ಸುತ್ತುತ್ತಿದೆಯೇ ಎಂದು ನೋಡಿ ಕೊಡುತ್ತಿದ್ದರು. ಅದು ಸುತ್ತಿದರೆ ಒಳಗೆ ಫಿಲ್ಮ್ ಓಡುತ್ತಿದೆ ಎಂದು ಅರ್ಥ. ನಾನು ನೋಡುತ್ತಿದ್ದೆ. ನೋಡಿದ್ದನ್ನು ಕಲಿತದ್ದು ಎಂದುಕೊಂಡೆ.

ಸ್ಟುಡಿಯೋದ ಪಕ್ಕದ ಮಳಿಗೆ ಒಬ್ಬ ಟೈಲರಮ್ಮನದು. ಮೂವತ್ತರ ಆಸುಪಾಸಿನವಳು, ಇಟ್ಟಮಡುವಿನಿಂದ ದಿನಾ ನಡೆದು ಬರುತ್ತಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಕಟಿಂಗ್ ಕಲಿತವಳು. ಅರ್ಧ ಬನಶಂಕರಿ ಬ್ಲೌಸ್ ಹೊಲಿಸುತ್ತಿದ್ದದ್ದು ಅವಳ ಹತ್ತಿರವೇ. ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನಿಂದ ಒಂದು ಬೈ-ಟು ಕಾಫಿ ಬರುತ್ತಿತ್ತು. ಒಂದು ಲೋಟ ಸ್ಟುಡಿಯೋದವರಿಗೆ, ಇನ್ನೊಂದು ಅವಳಿಗೆ. ಅವರ ಬ್ಯಾಕ್‌ಗ್ರೌಂಡ್ ಪರದೆಗೆ ಇಸ್ತ್ರಿ ಹಾಕುತ್ತಿದ್ದವಳು ಅವಳು, ಅವಳ ಅಂಗಡಿಯ ಬಲ್ಬು ಹೋದರೆ ಸ್ಟೂಲ್ ಹತ್ತುತ್ತಿದ್ದವರು ಅವರು.

ನಮ್ಮ ಲೇಡೀಸ್ ಅಸೋಸಿಯೇಷನ್ ಜಯನಗರದ ಒಂದು ಹಾಲಿನಲ್ಲಿ ಕೈಮಗ್ಗದ ಫ್ಯಾಷನ್ ಷೋ ಮಾಡುವುದು ಎಂದು ತೀರ್ಮಾನವಾದಾಗ ಟೈಲರಮ್ಮನ ಹೆಸರು ಹೇಳಿದವಳು ನಾನೇ. ಒಂದು ಬಟ್ಟೆ ಅಂಗಡಿಯವರು ಬಟ್ಟೆ ಕೊಟ್ಟರು; ಷೋ ಮುಗಿದ ಕೂಡಲೇ ಹೊಲಿದ ಉಡುಪುಗಳೆಲ್ಲ ಅವರಿಗೇ ಸೇರಬೇಕೆಂಬುದು ಷರತ್ತು. ಅವಳು ಇಳಕಲ್ ಸೀರೆಯಲ್ಲಿ ಲಂಗ ಹೊಲಿದಳು. ಖಣದಲ್ಲಿ ಉದ್ದನೆಯ ಕುರ್ತಾ ಹೊಲಿದಳು. ಕರಿ ಕಂಬಳಿಯನ್ನು ಕತ್ತರಿಸಿ, ನಿಂತ ಕಾಲರ್ ಇಟ್ಟು, ಒಂದು ಜಾಕೆಟ್ ಮಾಡಿದಳು. ಆ ಕಾಲರಿಗೇ ಮೂರು ದಿನದ ಕೈಹೊಲಿಗೆ. ಕಂಬಳಿ ಅಷ್ಟು ಘನತೆಯಿಂದ ಕತ್ತಿನ ಸುತ್ತ ನಿಲ್ಲಬಹುದೆಂದು ನನಗೆ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಒಂದು ಎಕ್ಸ್‌ಪೋರ್ಟ್ ಕಂಪನಿ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ಮಾದರಿ ಉಡುಪು ಕತ್ತರಿಸಿ ಹೊಲಿಯುವವರು ಬೇಕು, ತಾವೇ ಮಾಡಿದ ಉಡುಪುಗಳ ಫೋಟೋ ಲಗತ್ತಿಸಬೇಕು, ತಿಂಗಳ ಕೊನೆಯೊಳಗೆ ತಲುಪಬೇಕು. ಅವಳ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು ನಾನು. ಕೆಳಗೆ ‘ಎನ್‌ಕ್ಲೋಸ್ಡ್: ಸಿಕ್ಸ್ ಫೋಟೋಗ್ರಾಫ್ಸ್’ ಎಂದು ದುಂಡಗೆ ಬರೆದು ಅಡಿಗೆರೆ ಹಾಕಿದ್ದೆ. ಫೋಟೋ ಇನ್ನೂ ತೆಗೆದೇ ಇರಲಿಲ್ಲ.

ಸ್ಟುಡಿಯೋದವರು ತಮ್ಮ ಲೆನ್ಸ್ ಕೊಟ್ಟರು. ಒನ್ ಪಾಯಿಂಟ್ ಫೋರ್. ಬಾವಿಯ ಹಾಗೆ ಅಗಲ ಬಾಯಿಯದು, ಮಬ್ಬಿನಲ್ಲೂ ಬೆಳಕು ಕುಡಿಯುವಂಥದು. ಹಳದಿ ಫ್ಲ್ಯಾನೆಲ್ಲಿನಲ್ಲಿ ಸುತ್ತಿಟ್ಟಿದ್ದರು.

“ಮೇಡಂ, ನಾನೂ ಬಂದ್ಬಿಡ್ತೀನಿ. ಮೂಲೇಲಿ ನಿಂತ್ಕೊಂಡು ಫ್ಲ್ಯಾಶ್ ಹಾಕಿ ನಾಲ್ಕು ಹೊಡ್ಕೊಳ್ತೀನಿ. ಸುಮ್ನೆ ಸೇಫ್ಟಿಗೆ,” ಎಂದರು.

“ಫ್ಲ್ಯಾಶೆಲ್ಲ ಮದುವೆ ಮನೆಗೆ ಸಾರ್. ಇದು ಫ್ಯಾಷನ್ ಷೋ. ಫ್ಲ್ಯಾಶ್ ಹಾಕಿದ್ರೆ ಹುಡುಗೀರೆಲ್ಲ ಹಿಟ್ಟು ಮೆತ್ಕೊಂಡ ಹಾಗೆ ಕಾಣ್ತಾರೆ,” ಎಂದೆ ನಾನು.

ಅವರು ನಕ್ಕರು. “ಹಾಗಾದ್ರೆ ಇಪ್ಪತ್ತು ವರ್ಷದಿಂದ ಹಿಟ್ಟೇ ಮೆತ್ತಿದೀನಿ ಬಿಡಿ.”

ಪಕ್ಕದಿಂದ ಹೊಲಿಗೆ ಮೆಷಿನ್ ನಿಲ್ಲಿಸಿ ಟೈಲರಮ್ಮ ಕೂಗಿದಳು: “ಅಣ್ಣ, ನೀವು ಮೆತ್ತಿದ ಹಿಟ್ಟು ನನ್ನ ಮದುವೆ ಆಲ್ಬಮ್ಮಲ್ಲಿ ಇನ್ನೂ ಉದುರಿಲ್ಲ!”

ಮೂವರೂ ನಕ್ಕೆವು. ಬರಬೇಡಿ ಎಂದು ನಾನು ಹೇಳಿದ್ದು ಅವರಿಗೆ ಅರ್ಥವಾಗಿತ್ತು. ಬರಲಿಲ್ಲ.

ಷೋ ಇದ್ದದ್ದು ಮಧ್ಯಾಹ್ನ ನಾಲ್ಕಕ್ಕೆ. ಸ್ಕೂಲ್ ಬೆಂಚುಗಳನ್ನು ಜೋಡಿಸಿ, ಶಾಮಿಯಾನದವರ ಕೆಂಪು ಕಾರ್ಪೆಟ್ ಹಾಸಿ ರ‍್ಯಾಂಪ್ ಮಾಡಿದ್ದರು. ಪಶ್ಚಿಮದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಐ ಕುಡ್ ಹ್ಯಾವ್ ಕ್ರೈಡ್, ಅಂಥ ಬೆಳಕು. “ಶುರು ಮಾಡೋಣ್ವಾ? ಚೀಫ್ ಗೆಸ್ಟ್ ಬಿಸ್ಕತ್ ಮುಗಿಸಿದ್ರು,” ಎಂದು ಸೆಕ್ರೆಟರಿ ಮೇಡಂ ಅವಸರ ಮಾಡಿದರು. ನಾನು ನಿಂತಲ್ಲೇ ಕ್ಯಾಮೆರಾದ ಬೆನ್ನು ತೆರೆದು, ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ತುರುಕಿ, ಮುಚ್ಚಿದೆ. ಸುತ್ತ ನಿಂತ ಕಾಲೇಜು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಎಡಗಡೆಯ ತಿರುಗಣೆಯನ್ನು ನಾನು ನೋಡಲಿಲ್ಲ.

ಟಕ್, ಕರ್ರ್. ಮಂಡಿಯೂರಿದೆ, ಕಿಟಕಿಯ ಕಟ್ಟೆ ಹತ್ತಿದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು, “ಇದೇನಮ್ಮ, ಮಿಂಚೇ ಬರಲ್ವಲ್ಲ ನಿನ್ನ ಕ್ಯಾಮೆರಾಕ್ಕೆ, ಕೆಟ್ಟಿದೆಯಾ?” ಎಂದು ಕೇಳಿದಾಗ ಹೆಮ್ಮೆಯಿಂದ ನಕ್ಕೆ. ಕಂಬಳಿ ಜಾಕೆಟ್ಟಿನ ಹುಡುಗಿ ಬಿಸಿಲಿಗೆ ತಿರುಗಿ ಒಂದು ಕ್ಷಣ ನಿಂತಾಗ ಆ ಕಾಲರಿನ ಅಂಚಿನಲ್ಲಿ ಉಣ್ಣೆಯ ಒಂದೊಂದು ಎಳೆಯೂ ಬೆಳಗಿತು. ಅದು ನನ್ನ ಜೀವನದ ಬೆಸ್ಟ್ ಪಿಕ್ಚರ್ ಎಂದು ಬೆರಳಿಗೇ ಗೊತ್ತಾಯಿತು.

ಕೊನೆಗೆ ಹುಡುಗಿಯರೆಲ್ಲ ಸೇರಿ, ಬೇಡ ಬೇಡ ಎನ್ನುತ್ತಿದ್ದ ಟೈಲರಮ್ಮನನ್ನು ರ‍್ಯಾಂಪಿನ ಮೇಲಕ್ಕೆ ಎಳೆದರು. ಕತ್ತಿನಲ್ಲಿ ಇಂಚ್‌ಟೇಪ್ ಹಾಗೇ ಇತ್ತು. ಅವಳು ಕೈಮುಗಿದಳು. ಕ್ಲಿಕ್ ಮಾಡಿ ಲಿವರ್ ಎಳೆದೆ. ಅಂಕಿ ತೋರಿಸುವ ಪುಟ್ಟ ಕಿಂಡಿಯತ್ತ ಕಣ್ಣು ಹೋಯಿತು. ಮೂವತ್ತೊಂಬತ್ತು.

ಆ ಫಿಲ್ಮಿನಲ್ಲಿ ಇದ್ದದ್ದು ಮೂವತ್ತಾರು. ಮೂವತ್ತಾರಕ್ಕೋ ಮೂವತ್ತೇಳಕ್ಕೋ ಲಿವರ್ ಗಟ್ಟಿಯಾಗಿ ನಿಲ್ಲಬೇಕು. ನನ್ನದು ಬೆಣ್ಣೆಯಲ್ಲಿ ಓಡಿದ ಹಾಗೆ ಓಡುತ್ತಿತ್ತು. ಎಡಗಡೆಯ ತಿರುಗಣೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಳೆದೆ. ಅದು ಅಲುಗಲಿಲ್ಲ.

ಆಗ ಏನು ಮಾಡಬಹುದಿತ್ತು ಎಂಬುದನ್ನು ನಾನು ಈ ನಲವತ್ತು ವರ್ಷಗಳಲ್ಲಿ ಮನಸ್ಸಿನಲ್ಲೇ ಎಷ್ಟು ಸಲ ಮಾಡಿದ್ದೇನೋ. ಹುಡುಗಿಯರು ಇನ್ನೂ ಅದೇ ಉಡುಪಿನಲ್ಲಿದ್ದರು. ಕಿಟಕಿಯಲ್ಲಿ ಅರ್ಧ ಗಂಟೆಯ ಬಿಸಿಲು ಉಳಿದಿತ್ತು. ಬ್ಯಾಗಿನಲ್ಲಿ ಇನ್ನೊಂದು ರೋಲ್ ಇತ್ತು. ‘ಸಾರಿ, ನನ್ನಿಂದ ತಪ್ಪಾಯ್ತು, ಹತ್ತು ನಿಮಿಷ ನಿಲ್ಲಿ’ ಎಂದಿದ್ದರೆ ಸಾಕಿತ್ತು. ಅಜ್ಜಿ ನಗುತ್ತಿದ್ದರು, ಸೆಕ್ರೆಟರಿ ಒಂದು ಮಾತು ಅನ್ನುತ್ತಿದ್ದರು, ಅಷ್ಟೆ.

ಟೈಲರಮ್ಮ ರ‍್ಯಾಂಪಿನಿಂದ ಇಳಿದು ನೇರ ನನ್ನ ಹತ್ತಿರ ಬಂದಳು. “ಮೇಡಂ, ಎಲ್ಲಾ ಬಂತಾ? ಕಂಬಳೀದು ಬಂತಾ?”

“ಫಸ್ಟ್ ಕ್ಲಾಸಾಗಿ ಬಂದಿದೆ,” ಎಂದೆ.

ಅಷ್ಟರಲ್ಲಿ ಬಟ್ಟೆ ಅಂಗಡಿಯವರು ಉಡುಪುಗಳನ್ನು ಎಣಿಸಿ ದೊಡ್ಡ ದುಪಟಿಯಲ್ಲಿ ಗಂಟು ಕಟ್ಟುತ್ತಿದ್ದರು.

ಮನೆಗೆ ಬಂದು ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಕ್ಯಾಮೆರಾದ ಬೆನ್ನು ತೆರೆದೆ. ಫಿಲ್ಮಿನ ನಾಲಿಗೆ ಸ್ಪೂಲಿನಿಂದ ಜಾರಿ, ಸುಮ್ಮನೆ ಚಾಚಿಕೊಂಡು ಬಿದ್ದಿತ್ತು. ಹಾಗೇ ಕೊಟ್ಟರೆ ಸ್ಟುಡಿಯೋದವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಮುಚ್ಚಿ, ಫಿಲ್ಮನ್ನು ಡಬ್ಬಿಗೆ ಹಿಂದಕ್ಕೆ ಸುತ್ತುವ ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿದೆ. ನಾಲಿಗೆ ಸುರಕ್ಕನೆ ಒಳಗೆ ಹೋಯಿತು. ಈಗ ಅದು ಪೂರ್ತಿ ತೆಗೆದು ಮುಗಿಸಿದ ರೋಲಿನ ಹಾಗೆ ಕಾಣುತ್ತಿತ್ತು. ತಪ್ಪು ಎಲ್ಲರಿಗೂ ಆಗುತ್ತದೆ. ಈ ಎರಡು ಸುತ್ತನ್ನು ನಾನು ತಿಳಿದೇ ತಿರುಗಿಸಿದೆ.

ಸೋಮವಾರ ರೋಲ್ ಕೊಟ್ಟೆ, ಮಂಗಳವಾರ ಹೋದೆ. ಸ್ಟುಡಿಯೋದವರು ತೊಳೆದ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದರು. ಉದ್ದಕ್ಕೂ ಗಾಜಿನ ಹಾಗೆ ಖಾಲಿ. ಅಂಚಿನಲ್ಲಿ ಮಾತ್ರ ಕಂಪನಿಯವರು ಮೊದಲೇ ಹಾಕಿದ ಅಂಕಿಗಳು ಕಪ್ಪಗೆ, ಒಂದರಿಂದ ಮೂವತ್ತಾರರವರೆಗೆ.

“ನಂಬರ್ ಎಲ್ಲಾ ಬಂದಿದೆ ನೋಡಿ ಮೇಡಂ. ಕೆಮಿಕಲ್ ಕೆಟ್ಟಿದ್ರೆ ನಂಬರೂ ಬರ್ತಿರ್ಲಿಲ್ಲ. ಬೆಳಕು ಬಿದ್ದಿದ್ರೆ ಪೂರ್ತಿ ಕಪ್ಪಾಗ್ತಿತ್ತು.” ಅವರು ದನಿ ತಗ್ಗಿಸಿದರು. “ಸ್ಪೂಲಿಗೆ ಕಚ್ಚಿಲ್ಲ, ಅಷ್ಟೇ. ನಂಗೂ ಆಗಿದೆ. ಒಂದು ಮದುವೇಲಿ ಧಾರೆ ಪೂರ್ತಿ ಹೋಯ್ತು. ಹೋಗಿ ಹೇಳ್ದೆ. ಹುಡುಗಿ ತಂದೆ ಚಪ್ಪಲಿ ತಗೊಂಡ್ರು. ಆಮೇಲೆ ಅವರೇ ಕೂರ್ಸಿ ಊಟ ಹಾಕಿದ್ರು. ಹೇಳ್ಬಿಡಿ ಮೇಡಂ. ಅಂಗಡಿಯವರನ್ನ ಕೇಳಿ ಎರಡು ಉಡುಪಾದ್ರೂ ಒಂದು ಗಂಟೆ ಇಸ್ಕೊಳ್ಳೋಣ, ನಾನೇ ತೆಗೀತೀನಿ.”

ತಲೆಯಾಡಿಸಿದೆ. ಹೇಳಬೇಕೆಂದೇ ಇದ್ದೆ, ಅದು ಸತ್ಯ. ಆಗ ಪಕ್ಕದ ಮೆಷಿನ್ ನಿಂತಿತು. ಟೈಲರಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು, ಫೋಟೋ ಮುಟ್ಟಲು ಸಿದ್ಧವಾಗಿ.

“ಬಂತಾ ಮೇಡಂ?”

“ಡೆವಲಪಿಂಗಲ್ಲಿ ಹೋಗ್ಬಿಡ್ತಂತೆ,” ಎಂದಿತು ನನ್ನ ಬಾಯಿ. “ಪೂರ್ತಿ ಹೋಯ್ತಂತೆ ಕಣಮ್ಮ.”

ಅವಳು ನನ್ನತ್ತ ನೋಡಲೇ ಇಲ್ಲ, ಅವರತ್ತ ತಿರುಗಿದಳು. “ಹೌದಾ ಅಣ್ಣ?”

ಅವರ ಕೈಯಲ್ಲಿ ಆ ಫಿಲ್ಮು ಇತ್ತು. ಅಂಚಿನ ಅಂಕಿಗಳನ್ನು ತೋರಿಸಿದ್ದರೆ ಮುಗಿಯುತ್ತಿತ್ತು. ಅವರು ನನ್ನ ಮುಖ ನೋಡಿದರು. ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿ ಎಂದು ಕಾದರು, ನನಗೆ ಗೊತ್ತು, ಕಾದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಳ್ಳುತ್ತಾ ಹೇಳಿದರು: “ಮೇಡಂ ಹೇಳಿದ್ಮೇಲೆ ಇನ್ನೇನಮ್ಮ.”

ಕಾನ್ವೆಂಟಿನಲ್ಲಿ ಶುಕ್ರವಾರ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್ನಿಗೆ ಹೋಗಿ ಐದೇ ನಿಮಿಷದಲ್ಲಿ ಹಗುರಾಗಿ ಕುಣಿಯುತ್ತಾ ಬರುತ್ತಿದ್ದರು. ನಾವು ಹಿಂದೂ ಹುಡುಗಿಯರು ಹೊರಗೆ ಬೇಲಿಯ ಹತ್ತಿರ ಕಡಲೆಕಾಯಿ ತಿನ್ನುತ್ತಾ ಕಾಯುತ್ತಿದ್ದೆವು. ಏನು ಹೇಳಿದೆ ಎಂದು ಕೇಳಿದರೆ, ಸುಮ್ನೆ ಹೇಳಿಬಿಟ್ಟೆ ಎನ್ನುತ್ತಿದ್ದರು. ಅಷ್ಟು ಸುಲಭವೇ ಎಂದು ಆಗ ನಗು ಬರುತ್ತಿತ್ತು.

ಅರ್ಜಿಯನ್ನು ಮತ್ತೆ ಬರೆದುಕೊಟ್ಟೆ. ಈ ಸಲ ಕೆಳಗಿನ ಆ ಸಾಲು ಇರಲಿಲ್ಲ. ಕಂಪನಿಯಿಂದ ಉತ್ತರವೂ ಬರಲಿಲ್ಲ. ಅಸೋಸಿಯೇಷನ್ನಿನ ಫೋಟೋ ಕೆಲಸವನ್ನು ಸೆಕ್ರೆಟರಿ ಮೇಡಂ ಬೇರೆ ಸ್ಟುಡಿಯೋಗೆ ಕೊಟ್ಟರು. “ಕೈಗೆ ಬಂದದ್ದನ್ನ ತೊಳೆದು ಹಾಕಿದ್ದಾರಲ್ರೀ ಆ ಮನುಷ್ಯ” ಎಂದು ಅವರು ಹೇಳುವಾಗ ನಾನು ಸಭೆಯ ಮಿನಿಟ್ಸ್ ಬರೆಯುತ್ತಿದ್ದೆ. ಬರೆಯುತ್ತಲೇ ಇದ್ದೆ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬನಶಂಕರಿಯಲ್ಲಿ ಎದುರು ಫುಟ್‌ಪಾತಿನಿಂದ ನೋಡಿದೆ. ಹೋಟೆಲಿನವನು ಸ್ಟುಡಿಯೋಗೆ ಒಂದು ಕಾಫಿ ಕೊಟ್ಟು, ವಾಪಸ್ ಹೋಗಿ, ಟೈಲರಮ್ಮನಿಗೆ ಬೇರೆ ಒಂದು ತಂದುಕೊಟ್ಟ. ಅವಳ ಮೆಷಿನ್ ಈಗ ಸ್ಟುಡಿಯೋಗೆ ಬೆನ್ನು ಹಾಕಿ, ಆ ಕಡೆಯ ಗೋಡೆಗೆ ಮುಖ ಮಾಡಿತ್ತು. ನಾನು ರಸ್ತೆ ದಾಟಲಿಲ್ಲ.

ಲೆನ್ಸನ್ನು ಯಜಮಾನರ ಕೈಯಲ್ಲಿ ವಾಪಸ್ ಕಳಿಸಿದೆ. ಅವರ ಕೈಯಲ್ಲೇ ಸ್ಟುಡಿಯೋದವರು ಒಂದು ಕವರ್ ಕೊಟ್ಟುಕಳಿಸಿದ್ದರು. ಒಳಗೆ ಆ ಖಾಲಿ ಫಿಲ್ಮು. ತಮ್ಮ ಹತ್ತಿರ ಇದ್ದ ಒಂದೇ ಸಾಕ್ಷಿಯನ್ನು ನನಗೇ ಕೊಟ್ಟುಬಿಟ್ಟಿದ್ದರು. ಈಗಲೂ ಇದೆ, ರೇಷ್ಮೆ ಸೀರೆಗಳ ಕೆಳಗೆ. ಆಮೇಲೆ ನಾನು ಫೋಟೋ ತೆಗೆಯಲಿಲ್ಲ. ಸ್ಟುಡಿಯೋ ಇನ್ನೆರಡು ವರ್ಷ ಇತ್ತಂತೆ.

ಟೈಲರಮ್ಮನನ್ನು ಕೊನೆಯ ಸಲ ನೋಡಿದ್ದು ಐದಾರು ವರ್ಷಗಳ ಮೇಲೆ, ಜಯನಗರದ ಬಸ್ ಸ್ಟ್ಯಾಂಡಿನಲ್ಲಿ. ಸಂಜೆ ಐದೂವರೆ. ಶಾಪಿಂಗ್ ಕಾಂಪ್ಲೆಕ್ಸಿನಿಂದ ತರಕಾರಿ ಹಿಡಿದು ಬರುತ್ತಿದ್ದೆ. “ಮೇಡಂ!” ಎಂದು ಅವಳೇ ಓಡಿ ಬಂದು ನನ್ನ ಕೈಚೀಲ ಇಸಿದುಕೊಂಡಳು. ಬನಶಂಕರಿಯ ಅಂಗಡಿ ಬಿಟ್ಟಿದ್ದಳು. ಹೊಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು.

“ಏನು ಹೊಲೀತೀಯ ಅಲ್ಲಿ?”

“ಕಾಲರ್ ಮೇಡಂ. ಬೆಳಗಿಂದ ಸಂಜೆ ತನಕ ಬರೀ ಕಾಲರ್. ತೋಳು ಇನ್ನೊಬ್ಳು, ಬಟನ್ ಇನ್ನೊಬ್ಳು. ಪೂರ್ತಿ ಶರ್ಟ್ ಹೆಂಗಿರತ್ತೆ ಅಂತ ನಾವು ಬಸ್ಸಲ್ಲಿ ಯಾರಾದ್ರೂ ಹಾಕ್ಕೊಂಡಿದ್ರೆ ನೋಡ್ಬೇಕು!” ಅವಳು ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು: “ಅವತ್ತು ನೀವು ಎಷ್ಟು ಕಷ್ಟಪಟ್ರಿ, ಕಿಟಕಿ ಎಲ್ಲಾ ಹತ್ಕೊಂಡು. ಆ ಅಣ್ಣ ಹಾಳು ಮಾಡ್ಬಿಟ್ರು. ಆಮೇಲೆ ನಾನು ಅವರ ಹತ್ರ ಮಾತೇ ಆಡ್ಲಿಲ್ಲ ಮೇಡಂ. ನನ್ನ ತಂಗಿ ಮದುವೆಗೂ ಬೇರೆಯೋರನ್ನ ಕರೆದೆ.”

ಅವಳು ನನ್ನ ಮುಖ ನೋಡುತ್ತಾ ನಿಂತಿದ್ದಳು. ಸಮಯ ಬೇಕಾದಷ್ಟಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ.

“ಒಳ್ಳೇದೇ ಮಾಡ್ದೆ ಬಿಡು,” ಎಂದೆ.

ಬಸ್ಸು ಬಂತು. ಚೀಲ ನನ್ನ ಕೈಗೆ ಕೊಟ್ಟು ಹತ್ತಿ, ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಕೈ ಬೀಸುತ್ತಾಳೆ ಎಂದುಕೊಂಡೆ. ಅವಳು ತನ್ನ ಎಡಭುಜ ಮುಟ್ಟಿಕೊಂಡು, ನನ್ನತ್ತ ಬೆರಳು ಮಾಡಿ, ಏನೋ ಸನ್ನೆ ಮಾಡಿದಳು. ಬಸ್ಸು ಹೊರಟ ಮೇಲೆ ನನಗೆ ತಿಳಿಯಿತು. ಭುಜ ಮುಟ್ಟಿ ನೋಡಿಕೊಂಡೆ. ಬೇರೆ ಯಾರೋ ಹೊಲಿದ ನನ್ನ ಬ್ಲೌಸಿನ ತೋಳು ಜೋಡಣೆಯ ಹತ್ತಿರ ಬಿಚ್ಚಿಕೊಂಡಿತ್ತು.