ಓರೆ ಸಮುದ್ರದ ಮುಂದೆ ಅಕ್ಕ

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ಯಾರೂ ಕೇಳದಿದ್ದರೂ ಫೋನು ‘ಹಿಂದೆ ಇದೇ ದಿನ’ ಎಂದು ಒಂದು ಹಳೆಯ ಫೋಟೋ ತೆಗೆದು ಮುಂದೆ ಹಿಡಿಯಿತು. ಕಲ್ಲಿಕೋಟೆಯ ಕಡಲತೀರ, ಮುಳುಗುವ ಸೂರ್ಯ, ನಡುವೆ ಕಪ್ಪಗೆ ನಿಂತ ನನ್ನ ಅಕ್ಕ. ಸಮುದ್ರ ಎಡಕ್ಕೆ ವಾಲಿದೆ.

ನನ್ನ ಸೂರ್ಯಾಸ್ತದ ಹುಚ್ಚು ನಿಮಗೆ ಗೊತ್ತಿಲ್ಲ, ಪುಣ್ಯವಂತರು. ಊಟಿ ಹತ್ತಿರದ ನಮ್ಮ ಸೋಲೂರು ಕಡೆ ಸೂರ್ಯ ಎಲ್ಲಿ ಮುಳುಗುತ್ತಾನೆ? ಹೊತ್ತಿರುವಾಗಲೇ ಗುಡ್ಡದ ಹಿಂದಕ್ಕೆ ಕಳ್ಳನ ಹಾಗೆ ಜಾರಿಕೊಳ್ಳುತ್ತಾನೆ. ಹಾಗಾಗಿ ಚಹಾ ಎಲೆ ಕೀಳುವ ಕೆಲಸ ಬಿಡುವಾದಾಗಲೆಲ್ಲ ಗೂಡಲೂರಿನ ಬಸ್ಸು ಹತ್ತಿ ಕಲ್ಲಿಕೋಟೆಯ ಕಡಲಿಗೆ ಇಳಿಯುತ್ತಿದ್ದೆ. ಎಷ್ಟು ತೆಗೆದರೂ ದಿಗಂತ ಒಮ್ಮೆಯೂ ನೆಟ್ಟಗೆ ಬರಲಿಲ್ಲ. ಹುಟ್ಟಿದಾಗಿನಿಂದ ಇಳಿಜಾರಿನಲ್ಲೇ ನಿಂತವನ ಕಣ್ಣಿಗೆ ಮಟ್ಟ ಎಂದರೇನು ಗೊತ್ತು! “ನಿನ್ನ ಫೋಟೋ ಮಡಿಲಲ್ಲಿ ಇಟ್ಕೊಂಡ್ರೆ ನೀರು ಚೆಲ್ಲಿ ಸೀರೆ ನೆನೀತದೆ ಕಣೋ” ಎಂದು ಅಕ್ಕ ನಗುತ್ತಿದ್ದಳು.

ಅಕ್ಕನ ಮುಖಕ್ಕೆ ಸಣ್ಣ ವಯಸ್ಸಿನಲ್ಲೇ ತೊನ್ನು ಬಂದಿತ್ತು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಹೋದರು, ಮತ್ತೆ ಬರಲಿಲ್ಲ. ಆಮೇಲೆ ಯಾರು ಫೋಟೋ ತೆಗೆಯಲು ಬಂದರೂ ಅವಳ ಕೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು. ನಮ್ಮ ಹಟ್ಟಿಯ ಯಾವ ಮದುವೆಯ ಆಲ್ಬಮ್ ಬೇಕಾದರೂ ತೆಗೆದು ನೋಡಿ, ಅಕ್ಕ ಇರಬೇಕಾದಲ್ಲಿ ಒಂದು ಅಂಗೈ ಇದೆ.

ಒಮ್ಮೆ ನನ್ನ ಜೊತೆ ಬಂದವಳು ಕಡಲ ಮುಂದೆಯೂ ಕೈ ಎತ್ತಿದಳು.

“ಬೆಳಕು ನಿನ್ನ ಹಿಂದೆ ಇದೆ ಅಕ್ಕ. ಬರೀ ಕಪ್ಪು ಬರ್ತದೆ.”

“ಮೊಕ ಕಾಣಲ್ವಾ?”

“ಚೂರೂ ಕಾಣಲ್ಲ.”

“ಹಂಗಾದ್ರೆ ತೆಗಿ” ಎಂದು ಕೈ ಇಳಿಸಿ, ನೇರ ನನ್ನತ್ತ ನೋಡಿ ನಿಂತಳು.

ಕಳೆದ ಚಳಿಗಾಲದಲ್ಲಿ ಜ್ವರ ಎದೆಗಿಳಿದು ಅಕ್ಕ ತೀರಿಕೊಂಡಳು. ಗೋಡೆಗೆ ಹಾಕಲು ಪಟ ಬೇಕಲ್ಲ? ಆಧಾರ್ ಕಾರ್ಡಿನ ಮುಖ ದೇವರಿಗೇ ಪ್ರೀತಿ. ಕೊನೆಗೆ ಈ ಫೋಟೋವನ್ನೇ ಊಟಿಯ ಒಂದು ಸ್ಟುಡಿಯೋಗೆ ಒಯ್ದೆ. “ಕವಲೆ ಬೇಡ ಅಣ್ಣಾ, ಚಿಂತೆ ಬಿಡಿ, ಕಂಪ್ಯೂಟರೇ ಮೊಕ ಕೊಡ್ತದೆ” ಎಂದ ಸ್ಟುಡಿಯೋದವನು. ಕೊಟ್ಟೇಬಿಟ್ಟಿತು. ದುಂಡು ಕೆನ್ನೆ, ಒಂದು ಕಲೆಯಿಲ್ಲ, ಯಾರೋ ಚೆಲುವೆ. ಪಾಪ, ಸಮುದ್ರವನ್ನೂ ನೆಟ್ಟಗೆ ಮಾಡಿದ್ದ. ತಿಥಿಗೆ ಆಗಲೇ ಜನ ಬರತೊಡಗಿದ್ದರು, ಅದನ್ನೇ ತೂಗುಹಾಕಿದೆವು.

“ಎಷ್ಟು ಲಕ್ಷಣ! ಆಗ್ಲೇ ಹಿಂಗಿದ್ದಿದ್ರೆ ಮದುವೆ ಆಗ್ತಿತ್ತು” ಎಂದಳು ಚಿಕ್ಕಮ್ಮ. ನನ್ನ ಮೈಯೆಲ್ಲ ಉರಿದುಹೋಯಿತು. ಅವ್ವ ಪಟಕ್ಕೆ ಹಾರ ಹಾಕಿದಳು.

ಅಂದಿನಿಂದ ಆ ಪಟ ಕಂಡರೆ ನನಗಾಗದು. ನಿಜವಾದ ಅಕ್ಕನ ಮುಖ ನೆನೆಯಹೋದರೂ ಈ ಹಾಳು ಚೆಲುವೆಯೇ ಅಡ್ಡ ಬರುತ್ತಾಳೆ. ಇವತ್ತು ಅದನ್ನು ತೆಗೆದೇ ತೀರುವುದು ಎಂದುಕೊಂಡು ಸ್ಟೂಲು ಎಳೆದೆ, ಫೋನನ್ನು ಅವ್ವನ ಕೈಗಿಟ್ಟೆ.

“ಇದನ್ನೇ ಪ್ರಿಂಟ್ ಹಾಕಿಸ್ತೀನಿ ಅವ್ವ. ಕಪ್ಪಗಿದ್ರೂ ಇದು ನಮ್ಮ ಅಕ್ಕ.”

ಅವ್ವ ಫೋನನ್ನು ಕಣ್ಣ ಹತ್ತಿರ ಹಿಡಿದಳು. ಕಪ್ಪು ಮುಖದ ಮೇಲೆ ಹೆಬ್ಬೆರಳು ಆಡಿಸಿದಳು.

“ಕೈ ಕೆಳಗಿದೆ” ಎಂದಳು. “ನನ್ನ ಮುಂದೂ ಹಿಂಗೆ ನಿಂತೋಳಲ್ಲ” ಎಂದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ತಿಥಿಯ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ನಾನು ಸ್ಟೂಲು ಹತ್ತಿ ಪಟಕ್ಕೆ ಕೈ ಹಾಕಿದೆ.

“ಬೇಡ ಮಗ, ಇರ್ಲಿ” ಎಂದಳು ಅವ್ವ. “ಆ ಪಟದೋಳನ್ನ ನೋಡಿದ್ರೆ ನಂಗೆ ಅಳು ಬರಲ್ಲ.”

ಪಟದ ಗಾಜು ಒರೆಸಿ, ಒಣಗಿದ ಹಾರ ಬದಲಿಸಿ ಇಳಿದೆ.