ಬಾಗಕ್ಕನ ಬೈರಾಸು

ಯಡ್ತರೆಯಿಂದ ನಡೆದು ಬರುವ ಶಾಲೆಯ ಆಯಾ ಬಾಗಕ್ಕನಿಗೆ ಗೋಡೆಯ ಸಿಸಿ ಕ್ಯಾಮೆರಾ ಅಂದರೆ ಇಣುಕಿ ನೋಡುವ ನೆರೆಮನೆಯವಳು. ಗುಡಿಸುವಾಗ ಅದಕ್ಕೆ ಬೆನ್ನು ಹಾಕುತ್ತಾಳೆ, ಚಾ ಕುಡಿಯುವಾಗ ಸೆರಗು ಅಡ್ಡ ಹಿಡಿಯುತ್ತಾಳೆ. ತಾಯಂದಿರು ನಸುಕಿಗೇ ಮೀನು ಮಾರಲು ಹೋದ ಮನೆಯ ಹುಡುಗಿಯರು ಕೆದರಿದ ತಲೆಯಲ್ಲಿ ಬಂದರೆ, ಜೇಡನ ಬಲೆ ತೆಗೆಯುವ ಕೋಲಿನಿಂದ ಕ್ಯಾಮೆರಾದ ಮೇಲೆ ಬೆವರು ಒರೆಸುವ ತನ್ನ ಬೈರಾಸು ಹೊದೆಸಿಯೇ ಜಡೆ ಹಾಕಲು ಕೂರುತ್ತಾಳೆ. “ಹೆಣ್ಮಕ್ಳ ತಲಿ ಬಾಚುದನ್ನ್ ಅದ್ ಎಂತಕ್ ಕಾಣ್ಕ್?” ಎಂದು ಹೆಡ್‌ಮಾಷ್ಟ್ರನ್ನೇ ಕೇಳಿದವಳು. ದಿನವೂ ಮೊದಲು ಬಂದು ಅವಳ ಮಡಿಲಿಗೆ ಒರಗುತ್ತಿದ್ದ ರಮಿತಾ ಮೊನ್ನೆ ಅಪ್ಪ ಅಮ್ಮನ ಜೊತೆ ಮುಂಬೈಗೆ ಹೋದಳು. ಇವತ್ತು ಬಾಗಕ್ಕ ಆಫೀಸಿನ ಬಾಗಿಲಲ್ಲಿ ನಿಂತು, “ಹ್ವಾಯ್ ಮಾಷ್ಟ್ರೇ, ನಾನ್ ಅವ್ಳಿಗೆ ಜಡಿ ಹಾಕುದ್ ಒಂದ್ಸಲ ತೋರ್ಸಿ, ಕಾಂಬ” ಅಂದಳು. ಮಾಷ್ಟ್ರು ಕ್ಯಾಮೆರಾದ ರೆಕಾರ್ಡಿಂಗನ್ನು ಹದಿನೈದು ದಿನ ಹಿಂದಕ್ಕೆ ಓಡಿಸಿ ನೋಡಿದರು. ಪ್ರತಿ ಬೆಳಿಗ್ಗೆಯೂ ಪರದೆಯ ತುಂಬ ಅವಳದೇ ಬೈರಾಸಿನ ಕೆಂಪು ಚೌಕಳಿ.